ಕುಣಿತ ಬೀದರಿನಲ್ಲಿ, ಹೆರಿಗೆ ತವರಿನಲ್ಲಿ

ನನ್ನ ಹಣೆಬರಹವೇ ಇಷ್ಟು. ಅಡುಗೆ ಮಾಡುವವಳು ನಾನು, ಬಡಿಸುವ ಹೊತ್ತಿಗೆ ಪಂಗತಿ ಬೇರೆ ಊರಲ್ಲಿ ಕೂತಿರುತ್ತದೆ. ಒಂದು ಸಲ ಆದರೆ ನಕ್ಕು ಸುಮ್ಮನಾಗಬಹುದು. ನನಗೆ ಪ್ರತಿ ಸಲ ಆಗುತ್ತದೆ.

ಬೀದರಿನ ಸಾಲೆಗಳಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಂದಾಗ ಮಕ್ಕಳಿಗೆ ಡ್ಯಾನ್ಸ್ ಕಲಿಸಿಯೇ ಅರ್ಧ ಆಯುಷ್ಯ ಕಳೆದವಳು ನಾನು. ಮೊಣಕಾಲು ಮಾತಾಡತೊಡಗಿದ ಮೇಲೆ ಇನ್ನು ಸಾಕು ಎಂದುಕೊಂಡಿದ್ದೆ. ಆಗ ಪರಿಚಯದ ಡಾಕ್ಟರಬಾಯಿ ಒಬ್ಬರು ಕರೆದು, "ಬಸುರಿಯರಿಗೆ ಕುಣಿಯೋದು ಕಲಿಸ್ತೀರೇನ್ರಿ?" ಎಂದರು. ಜಿಗಿಯುವ ಕುಣಿತವಲ್ಲ. ಸೊಂಟ ತೂಗುವುದು, ಉದ್ದಕ್ಕೆ ಉಸಿರು ಬಿಡುವುದು, ನೋವು ಬಂದಾಗ ಒಬ್ಬರ ಹೆಗಲಿಗೆ ಜೋತುಬಿದ್ದು ಮೆಲ್ಲಗೆ ಓಲಾಡುವುದು. ಸಹಜ ಹೆರಿಗೆಗೆ ಮೈಯೂ ಮನಸ್ಸೂ ತಯಾರಾಗಲಿ ಎಂದು ಅವರ ಲೆಕ್ಕ. ಏನು ಮಾಡಿಸಬೇಕು, ಏನು ಮಾಡಿಸಬಾರದು ಎಂದು ಅವರೇ ಕೂತು ಕಲಿಸಿದರು. ಜೊತೆಗೆ ಹೆರಿಗೆ ಯೋಜನೆ ಎಂದು ಒಂದು ಕಾಗದ ಬೇರೆ. ಆ ದಿನ ಜೊತೆಗೆ ಯಾರಿರಬೇಕು, ಏನು ಬೇಕು, ಏನು ಬೇಡ ಎಂಬುದನ್ನು ಬಸುರಿಯೇ ಬರೆಯಬೇಕು.

ನಾನು ಒಪ್ಪಿದ್ದಕ್ಕೆ ಕಾರಣವಿತ್ತು. ನನ್ನ ಹೆರಿಗೆಯ ಹೊತ್ತಿಗೆ ಅವ್ವ ತೀರಿಹೋಗಿ ವರ್ಷಗಳಾಗಿದ್ದವು. ತವರು ಎಂಬುದು ಇರಲಿಲ್ಲ. ಯಜಮಾನರು ಹೊರಗೆ ಚಹಾ ಕುಡಿಯುತ್ತ ನಿಂತಿದ್ದರು, ನಾನು ಒಳಗೆ ಮಂಚದ ಸರಳು ಹಿಡಿದು ಮಲಗಿದ್ದೆ. ಮಗ ಈಗ ನನಗಿಂತ ಎತ್ತರ ಬೆಳೆದಿದ್ದಾನೆ, ಆದರೂ ಆ ಸರಳಿನ ತಂಪು ಕೈಯಿಂದ ಹೋಗಿಲ್ಲ. ನನ್ನ ಕ್ಲಾಸಿನ ಒಬ್ಬಳಾದರೂ ಸರಳು ಬಿಟ್ಟು ತನ್ನವರ ಕೈ ಹಿಡಿದು ಹಡೆಯುವುದನ್ನು ಕಣ್ಣಾರೆ ನೋಡಬೇಕು, ಇದೊಂದೇ ನನ್ನ ಆಸೆ. ಡಾಕ್ಟರಬಾಯಿಯೂ "ಹುಡುಗಿ ಒಪ್ಪಿದ್ರ ನೀವೂ ಒಳಗ ಬರ್ರಿ" ಎಂದಿದ್ದರು.

ಅಡ್ಡ ಬಂದದ್ದು ಕುಬಸ, ನಮ್ಮ ಕಡೆಯ ಸೀಮಂತ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ, ಊಟ ಮುಗಿದ ಮೇಲೆ ತವರಿಗೆ ಕರೆದುಕೊಂಡು ಹೋಗುತ್ತಾರೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಹೀಗಾಗಿ ನಾನು ಬೀದರಿನಲ್ಲಿ ಕುಣಿಸಿ ಕುಣಿಸಿ ತಯಾರು ಮಾಡುತ್ತೇನೆ, ಅವರು ಭಾಲ್ಕಿಗೋ ಔರಾದಿಗೋ ಹೋಗಿ ಹಡೆಯುತ್ತಾರೆ.

ಗ್ಯಾದರಿಂಗ್ ಯಾವಾಗ

ಬೀದರಿನ ಚಿದ್ರಿಯಲ್ಲಿ ಒಂದು ಮನೆಯ ಕೆಳಗಿನ ಹಾಲ್ ಸಿಕ್ಕಿತು. ಮೊದಲ ದಿನ ಬಸುರಿಯರು ಬಂದರು, ಹಿಂದೆಯೇ ಅವರ ಅತ್ತೆಯಂದಿರೂ ಬಂದು ಗೋಡೆಗೆ ಒರಗಿ ಕೂತರು. ಇಷ್ಟು ಜನ ಕೂತು ನೋಡುತ್ತಿದ್ದರೆ ನನಗೆ ಕೈಕಾಲು ಸುಮ್ಮನಿರುವುದಿಲ್ಲ. ಹಳೆಯ ಚಾಳಿ ನೋಡಿ, "ಕುಳ್ಳಗಿದ್ದವರು ಮುಂದ ಬರ್ರಿ, ಎತ್ತರಿದ್ದವರು ಹಿಂದ" ಎಂದು ಸಾಲು ಹಚ್ಚಿದೆ. ಒನ್, ಟೂ, ತ್ರೀ ಎಂದು ಎಣಿಸಿದೆ. ಕೊನೆಗೆ ಎಲ್ಲರಿಂದಲೂ ಚಪ್ಪಾಳೆ ಹೊಡೆಸಿ, ಎದುರಿಗೆ ಕೈ ಮುಗಿಸಿದೆ.

ಅತ್ತೆಯಂದಿರಿಗೆ ಬಹಳ ಸಮಾಧಾನವಾಯಿತು. ಒಬ್ಬರು ಎದ್ದು ಬಂದು, "ಛಲೋ ಕಲಿಸ್ಲತ್ತೀರಿ ಟೀಚರ್. ಗ್ಯಾದರಿಂಗ್ ಯಾವಾಗ ಅದರಿ?" ಎಂದು ಕೇಳಿದರು.

"ಒಬ್ಬೊಬ್ಬರದು ಒಂದೊಂದು ತಾರೀಖಿಗಿ ಅದರಿ" ಎಂದೆ.

ಅವರು ಸ್ವಲ್ಪ ವಿಚಾರ ಮಾಡಿ, "ಹಂಗಾದ್ರ ನಮ್ಮ ಸೊಸಿದು ಭಾಲ್ಕ್ಯಾಗ ಆಗ್ತದರಿ. ನಿಮಗ ನೋಡ್ಲಾಕ ಸಿಗಂಗಿಲ್ಲ" ಎಂದರು. ಆಗ ನಕ್ಕುಬಿಟ್ಟೆ. ಅವರು ಭವಿಷ್ಯ ಹೇಳಿದ್ದರು ಎಂದು ನನಗೆ ಆಮೇಲೆ ತಿಳಿಯಿತು.

ಅಳಿಯಂದಿರ ದಮ್ಮು

ಗಂಡಂದಿರಿಗೂ ಕಲಿಸಬೇಕು ಎಂದು ಡಾಕ್ಟರಬಾಯಿ ಹೇಳಿದ್ದರು. ಬಂದವನು ಒಬ್ಬನೇ, ಹಾರ್ಡ್‌ವೇರ್ ಅಂಗಡಿಯವನು. ಆದರೆ ಅಂಥ ಶಿಷ್ಯ ಮತ್ತೆ ಸಿಗಲಿಲ್ಲ. ಹೆಂಡತಿಯ ಬೆನ್ನು ಎಲ್ಲಿ ಒತ್ತಬೇಕು, ಎಷ್ಟು ಮೆತ್ತಗೆ ಮಾತಾಡಬೇಕು, ಉಸಿರು ಹ್ಯಾಗೆ ಹೇಳಿಕೊಡಬೇಕು, ಎಲ್ಲವನ್ನೂ ಶ್ರದ್ಧೆಯಿಂದ ಕಲಿತ. ಕುಬಸ ಆಯಿತು, ಹೆಂಡತಿ ಭಾಲ್ಕಿಗೆ ಹೋದಳು. ಮುಂದಿನ ವಾರ ಇವನೊಬ್ಬನೇ ಬಗಲಲ್ಲಿ ತಲೆದಿಂಬು ಹಿಡಿದುಕೊಂಡು ಬಂದ. "ಕಲ್ತದ್ದು ಮರ್ತು ಹೋಗ್ತದರಿ ಟೀಚರ್, ರಿವಿಜನ್ ಮಾಡ್ತೇನಿ" ಎಂದ.

ಹೇಳಿದ ದಿನಕ್ಕಿಂತ ಮುಂಚೆಯೇ ಭಾಲ್ಕಿಯಲ್ಲಿ ಅವಳಿಗೆ ನೋವು ಸುರುವಾಯಿತು. ಇವನು ಅಂಗಡಿಯಲ್ಲಿದ್ದ. ಕೂಡಲೇ ಫೋನ್ ಹಚ್ಚಿ, "ಉಸಿರು ತಗೋ, ಬಿಡು, ಮೆಲ್ಲಕ ಬಿಡು, ನಾ ಇದ್ದೇನಿ" ಎಂದು ಸುರು ಮಾಡಿದ. ಪೈಪು ಕೊಳ್ಳಲು ಬಂದ ಗಿರಾಕಿಗಳೂ ನಿಂತಲ್ಲೇ ಅವನ ಜೊತೆ ಉಸಿರು ಎಳೆದು ಬಿಟ್ಟರಂತೆ.

ಅಲ್ಲಿ ಹೆರಿಗೆ ಕೋಣೆಯೊಳಗೆ ಫೋನ್ ಬೇಡ ಎಂದಿದ್ದರು. ಆದ್ದರಿಂದ ಫೋನ್ ಹಿಡಿದವರು ಹೊರಗೆ ನಿಂತ ಅವನ ಅತ್ತೆ. ಅವರು ಮಗಳ ಹತ್ತಿರ ಒಳಗೆ ಹೋಗಬಹುದಿತ್ತು, ಆದರೆ ಅಳಿಯಂದಿರು ಮಾತಾಡುತ್ತಿರುವಾಗ ಫೋನ್ ಇಡುವುದು ಹ್ಯಾಗೆ ಎಂದು ಮರ್ಯಾದೆಗೆ ನಿಂತೇ ಇದ್ದರು. ಕಲಿತ ಗಂಡ ಬೀದರಿನಲ್ಲಿ, ಅವ್ವ ಬಾಗಿಲ ಹೊರಗೆ. ಹುಡುಗಿ ಒಳಗೆ ಸರಳು ಹಿಡಿದೇ ಹಡೆದಳು. ಇದನ್ನು ಕೇಳಿ ಆ ದಿನ ನನಗೆ ಊಟ ಸೇರಲಿಲ್ಲ.

ಮರುದಿನ ಭಾಲ್ಕಿಯಿಂದ ಅವನ ಮನೆಗೆ ಪೇಢೆ ಬಂತು. ಪೇಢೆಯ ಜೊತೆ ಉಬ್ಬಸಕ್ಕೆಂದು ಒಂದು ಪುಡಿಕೆ ಕಷಾಯದ ಪುಡಿ, ಅದರ ಜೊತೆ ಬೀಗರಿಗೊಂದು ದೂರು: "ನಿಮ್ಮ ಮಗಗ ಇಷ್ಟು ದಮ್ಮು ಅದ ಅಂತ ಮದಿವ್ಯಾಗ ಯಾರೂ ಹೇಳೇ ಇಲ್ಲಲ್ರಿ."

ಆ ದಿನದ ಮಟ್ಟಿಗೆ

ಔರಾದ ಕಡೆಯ ಹುಡುಗಿಯೊಬ್ಬಳಿಗೆ ಯೋಜನೆಯ ಕಾಗದ ಕೊಟ್ಟೆ. ನಿನಗೆ ಏನು ಬೇಕೋ ಬರೆದುಕೊಂಡು ಬಾ ಎಂದು ಕಳಿಸಿದೆ. ತುಂಬಿಕೊಂಡು ಬಂತು, ಆದರೆ ಅಕ್ಷರ ನಾಲ್ಕು ಥರ ಇದ್ದವು. ಅತ್ತೆ "ಗಂಡು" ಎಂದು ಬರೆದಿದ್ದರು. ಮಾವ "ಗುರುವಾರ" ಎಂದು ಬರೆದಿದ್ದರು. ಗಂಡ "ಗಾಡಿ ನಿಲ್ಲಿಸಲು ಜಾಗ" ಎಂದು ಬರೆದಿದ್ದ. ಮೈದುನ ಏನು ಬರೆಯಬೇಕೋ ತಿಳಿಯದೆ ಸಹಿ ಮಾಡಿದ್ದ.

"ಇದ್ರಾಗ ನಿಂದು ಯಾವುದವ್ವಾ?" ಎಂದೆ. ಅವಳು ಬಾಗಿಲ ಕಡೆ ನೋಡಿ, ಅತ್ತೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಆ ದಿನ ನನ್ನ ಮ್ಯಾಲ ಯಾರೂ ಸಿಟ್ಟು ಮಾಡಬಾರ್ದರಿ" ಎಂದಳು. ಕೆಳಗೆ ಸಣ್ಣದಾಗಿ ಅದನ್ನೇ ಬರೆಸಿದೆ.

ಔರಾದಿನಲ್ಲಿ ಹೆರಿಗೆಯಾಯಿತು. ಗುರುವಾರವೇ ಆಯಿತು, ಗಾಡಿಗೆ ಜಾಗವೂ ಸಿಕ್ಕಿತು. ಹೆಣ್ಣು ಹುಟ್ಟಿತು. ಬಾಣಂತನ ಮುಗಿಸಿ ಅವಳು ಕೂಸಿನ ಜೊತೆ ಬಂದಾಗ ನಾನು ಮೊದಲು ಕೇಳಿದ್ದೇ ಅದು: "ಯಾರರ ಸಿಟ್ಟು ಮಾಡಿದ್ರೇನು?"

"ಆ ದಿನ ಯಾರೂ ಮಾಡ್ಲಿಲ್ರಿ, ಮರುದಿನ ಮಾಡಿದ್ರು" ಎಂದಳು. ಆಮೇಲೆ ತನ್ನದೇ ತಪ್ಪೆಂಬಂತೆ, "ನಾ ಆ ದಿನ ಅಂತ ಅಷ್ಟೇ ಬರ್ದಿದ್ದೆನಲ್ರಿ" ಎಂದಳು. ಅವಳು ನಕ್ಕಳು, ನಾನೂ ನಕ್ಕೆ. ನಕ್ಕದ್ದಕ್ಕೆ ಇವತ್ತಿಗೂ ಬೇಜಾರಿದೆ.

ತವರಿಲ್ಲದ ಹುಡುಗಿ

ಇದಾದ ಮೇಲೆ ಬಂದವಳು ಒಬ್ಬ ತಾಯಿಯಿಲ್ಲದ ಹುಡುಗಿ. ಸಣ್ಣವಳಿದ್ದಾಗಲೇ ತಾಯಿ ಹೋಗಿದ್ದರು, ಈಚೆಗೆ ಅಪ್ಪನೂ ಹೋದ. ಗಂಡ ಚಿದ್ರಿಯಲ್ಲೇ ಎಲೆಕ್ಟ್ರಿಶಿಯನ್, ಪಾಪದವನು. ಅತ್ತೆ ಮಾತ್ರ ಗಟ್ಟಿ ಹೆಂಗಸು. ಔರಾದ ಬದಿಯ ಕುರಿ ಸಾಕುವವರ ಮನೆಯಲ್ಲಿ ಬೆಳೆದವರು. ಬಾಗಿಲ ಹತ್ತಿರ ಕೂತು ಅಡಿಕೆ ಜಗಿಯುತ್ತ ಕ್ಲಾಸು ನೋಡುತ್ತಿದ್ದರು. ನಾನು ಹಚ್ಚುವ ಹಾಡು ಕೇಳಿ, "ಇದೇನು ಹಾಡರಿ, ಹೊಟ್ಟ್ಯಾಗಿನ ಕೂಸು ಬೆದರ್ತದ" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

ಯೋಜನೆಯ ಕಾಗದದಲ್ಲಿ "ಜೊತೆಗೆ ಯಾರಿರಬೇಕು" ಎಂಬ ಜಾಗ ಈ ಹುಡುಗಿ ಖಾಲಿ ಬಿಟ್ಟಿದ್ದಳು. ಕೇಳಿದರೆ, "ಎಲ್ಲರೂ ಅವ್ವ ಅಂತ ಬರ್ದಾರ್ರಿ. ನಾ ಏನು ಬರೀಲಿ?" ಎಂದಳು.

"ಗಂಡನ ಹೆಸರು ಬರಿ. ನಾನೂ ಇರ್ತೇನಿ" ಎಂದೆ. ಬಾಗಿಲ ಕಡೆ ನೋಡಿದರೆ ಅತ್ತೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

ಗಂಡನಿಗೆ ಎಲ್ಲ ಕಲಿಸಿದೆ. ಒಳಗೊಳಗೇ ನನಗೂ ಆಸೆ ಚಿಗುರಿತು. ಈ ಹುಡುಗಿ ಎಲ್ಲಿಗೂ ಹೋಗುವವಳಲ್ಲ, ಇಲ್ಲೇ ಹಡೆಯುವವಳು. ಆ ದಿನಕ್ಕೆಂದು ಮೆತ್ತನೆಯ ಕಾಟನ್ ಸೀರೆಯೊಂದನ್ನು ಬೇರೆ ತೆಗೆದಿಟ್ಟೆ.

ಕುಬಸಕ್ಕೆ ಕರೆದರು, ಹೋದೆ. ಹಸಿರು ಬಳೆ ಆಯಿತು, ಉಡಿ ತುಂಬಿದ್ದಾಯಿತು, ಹೋಳಿಗೆ ಊಟವೂ ಆಯಿತು. ಕೈ ತೊಳೆದು ಬಂದು ನೋಡುತ್ತೇನೆ, ಅತ್ತೆ ಬ್ಯಾಗು ಹಿಡಿದು ಅಂಗಳದಲ್ಲಿ ನಿಂತಿದ್ದಾರೆ.

"ನಡಿಯವ್ವಾ, ತವರಿಗಿ ಹೋಗೋಣ" ಎಂದು ಸೊಸೆಗೆ ಹೇಳಿದರು.

"ಯಾವ ತವರ್ರಿ?" ಎಂದೆ ನಾನು.

"ಅಕಿಗಿಲ್ಲ, ಖರೆ. ನನಗದಲ್ರಿ. ನಮ್ಮ ತಮ್ಮಗ ಹೇಳೇನಿ. ಔರಾದಿನ ದವಾಖಾನ್ಯಾಗೂ ಹೆಸರು ಬರೆಸೇನಿ."

"ಅಲ್ರಿ, ಡಾಕ್ಟರ್ ಇಲ್ಲೇ ಅದಾರ, ನಾ ಇಲ್ಲೇ ಅದೀನಿ. ನಿಮ್ಮ ಮಗ ಇಷ್ಟು ದಿನ ಎಲ್ಲ ಕಲ್ತಾನ."

"ಕಲ್ತದ್ದು ಎಲ್ಲಿ ಹೋಗ್ತದರಿ? ಎರಡನೇದಕ್ಕ ಆಗ್ತದ" ಎಂದರು ಆ ಅತ್ತೆ.

ಹುಡುಗಿ ಹಸಿರು ಬಳೆಯ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ತವರಿಗೆ ಹೋಗುವ ಹೆಣ್ಣುಮಕ್ಕಳು ಖುಷಿಗೆ ಅಳುವ ಅಳುವೇ ಅದು. ಅದನ್ನು ಕಂಡು ನಾನು ದಾರಿ ಬಿಟ್ಟೆ. ಬಸ್ ಸ್ಟ್ಯಾಂಡಿಗೆ ಹೋಗುವ ಆಟೋ ಮರೆಯಾಗುವ ತನಕ ಅವಳ ಗಂಡನೂ ನಾನೂ ಅಂಗಳದಲ್ಲಿ ನಿಂತೇ ಇದ್ದೆವು.

ಕುಳ್ಳಗಿನಾಕಿ ಮುಂದ ಬಾ

ಒಂದು ಮುಂಜಾನೆ ಆ ಹುಡುಗಿಯ ಗಂಡ ನಮ್ಮ ಮನೆಗೆ ಓಡಿ ಬಂದ. "ಟೀಚರ್, ನೋವು ಸುರು ಆಗ್ಯಾವಂತ. ಜಲ್ದಿ ನಡೀರಿ." ತೆಗೆದಿಟ್ಟ ಸೀರೆ ಉಟ್ಟು ಅವನ ಜೊತೆ ಔರಾದಿನ ಬಸ್ಸು ಹತ್ತಿದೆ. ಅವನು ಕೂತಲ್ಲೇ ಕಣ್ಣು ಮುಚ್ಚಿ ನಾನು ಕಲಿಸಿದ ಉಸಿರು ಸುರು ಮಾಡಿದ. ಮುಂದಿನ ಸೀಟಿನ ಮುದುಕಪ್ಪ ಹಿಂದೆ ತಿರುಗಿ, ಇವನಿಗೆ ವಾಂತಿ ಬರುತ್ತಿದೆ ಎಂದು ತಿಳಿದು, ಕಿಸೆಯಿಂದ ನಿಂಬೆಹಣ್ಣು ತೆಗೆದುಕೊಟ್ಟ. ಇವನು ಅದನ್ನು ಔರಾದ ಬರುವ ತನಕ ಮೂಸುತ್ತ ಕೂತ.

ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಾಯಿ ಮಗಳು ಇಬ್ಬರೂ ಆರಾಮಿದ್ದರು. ಹುಡುಗಿ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು. ನಾನು ಗೋಡೆಗೆ ಒರಗಿ ನಿಂತೆ. ಸಂತೋಷವೇನೋ ಆಯಿತು, ಆದರೆ ಈ ಸಲವೂ ತಪ್ಪಿಹೋಗಿತ್ತು.

"ನೀವೇ ಏನ್ರಿ ಆ ಡ್ಯಾನ್ಸ್ ಟೀಚರ್?" ಎಂದು ನರ್ಸಮ್ಮ ಹತ್ತಿರ ಬಂದಳು. ಬೈಗುಳಕ್ಕೆ ತಯಾರಾದೆ.

"ಈ ಅಜ್ಜಿ ನಮಗ ಸಾಕು ಮಾಡಿದ್ರು ನೋಡ್ರಿ" ಎಂದು ನರ್ಸಮ್ಮ ಅತ್ತೆಯ ಕಡೆ ಕೈ ತೋರಿಸಿ ಹೇಳಿದಳು. ಹುಡುಗಿಗೆ ನೋವು ಬಂದಾಗಲೆಲ್ಲ ಅತ್ತೆ ಎದ್ದು ನಿಂತು, ಅವಳ ಎರಡೂ ಕೈ ತನ್ನ ಕೊರಳಿಗೆ ಹಾಕಿಸಿಕೊಂಡು ಓಲಾಡಿದರಂತೆ. ನನ್ನ ಹಾಡು ಬಿಟ್ಟು ತನ್ನ ಬೀಸುಕಲ್ಲಿನ ಪದ ಹಾಡಿದರಂತೆ. ಒನ್, ಟೂ, ತ್ರೀ ಎಂದು ಎಣಿಸಿದರಂತೆ. ಮಂಚದ ಸರಳಿನ ಕಡೆ ಸೊಸೆಯ ಕೈ ಹೋದರೆ ಕಿತ್ತು ತನ್ನ ಹೆಗಲ ಮೇಲೆ ಇಟ್ಟುಕೊಂಡರಂತೆ. "ನೀವು ಆಕಿ ಅವ್ವೇನ್ರಿ?" ಎಂದು ಡಾಕ್ಟರು ಕೇಳಿದಾಗ, "ಹೂಂ, ತವರಿನಾಕಿ" ಎಂದರಂತೆ.

"ಅಷ್ಟೇ ಆಗಿದ್ರ ಇರ್ಲಿ ಅಂತಿದ್ದೆವು" ಎಂದಳು ನರ್ಸಮ್ಮ. "ನಮ್ಮನ್ನೂ ಸಾಲು ಹಚ್ಚಿದ್ರಲ್ರಿ. ಕುಳ್ಳಗಿನಾಕಿ ಮುಂದ ಬಾ ಅಂತ ನನ್ನ ಕೈ ಹಿಡಿದು ಎಳೆದ್ರು. ಕೂಸು ಹುಟ್ಟಿದ ಕೂಡ್ಲೇ ಎಲ್ಲಾರ ಕಡಿಂದ ಚಪ್ಪಾಳಿ ಹೊಡಿಸಿದ್ರು, ಡಾಕ್ಟರ ಕಡಿಂದನೂ."

ನಾನು ಕಲಿಸಿದ್ದರಲ್ಲಿ ತಪ್ಪು ಯಾವುದಿತ್ತೋ ಅದನ್ನೂ ಬಿಡದೆ ಆ ಹೆಂಗಸು ಕಲಿತಿದ್ದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನೋಡಬೇಕಿತ್ತು, ನೋಡಲಾಗಲಿಲ್ಲ.

ಅತ್ತೆ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅಡಿಕೆ ಕೊಟ್ಟರು. "ಅಳ್ತೀರಿ ಯಾಕರಿ ಟೀಚರ್? ನಿಮ್ಮ ಬಾಣಂತನ ಎಲ್ಲಿ ಆಗಿತ್ತು?" ಎಂದರು.

"ಬೀದರದಾಗ್ರಿ. ನನಗೂ ಅವ್ವ ಇದ್ದಿಲ್ಲ. ಯಾರೂ ಇದ್ದಿಲ್ಲ."

ಅವರು ಅಡಿಕೆ ಜಗಿಯುತ್ತ ನನ್ನ ಮುಖ ನೋಡಿದರು, ನರೆತ ತಲೆ ನೋಡಿದರು. ಆಮೇಲೆ ಕೈ ಮೇಲೆ ಕೈಯಿಟ್ಟು, ನಗದೆ, ಪೂರಾ ಮನಸ್ಸಿಟ್ಟು ಹೇಳಿದರು: "ಆಗಿದ್ದು ಆಗಿಹೋಯ್ತು. ಇನ್ನೊಮ್ಮಿ ಹಡಿಯೋದಿದ್ರ ಸೀದಾ ಇಲ್ಲೇ ಬಂದುಬಿಡ್ರಿ. ನಮ್ಮ ತಮ್ಮನ ಮನಿ ದೊಡ್ಡದದ."

ನರ್ಸಮ್ಮ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡಿದಳು. ಹುಡುಗಿಯ ಗಂಡ ಮತ್ತೆ ನಿಂಬೆಹಣ್ಣು ಮೂಸತೊಡಗಿದ. ನನಗೆ ಐವತ್ತಾರು.

"ಆಯ್ತರಿ, ಬರ್ತೇನಿ" ಎಂದೆ. ಅಂತೂ ನನಗೂ ಒಂದು ತವರು ಸಿಕ್ಕಿತು. ಹಡೆಯುವುದಕ್ಕೆ ಮಾತ್ರ ಸ್ವಲ್ಪ ತಡವಾಯಿತು.