ಶೇವಂತಾಬಾಯಿಯ ಕರಿಗೂದಲು

ಮೈದುನ ಮಡೆಪ್ಪ ಹೈದರಾಬಾದಿನಿಂದ ಬರೆದ ಕಾರ್ಡಿನಲ್ಲಿ ಒಂದು ವಾಕ್ಯ ಹೆಚ್ಚಾಗಿತ್ತು. ‘ಅಣ್ಣನ ಎರಡೂ ಕಣ್ಣಿನ ಆಪರೇಷನ್ ಆಯಿತು, ಗುರುವಾರ ನಾಲ್ಕರ ಮೋಟಾರಿಗೆ ಹುಮನಾಬಾದಿಗೆ ಬಂದು ಇಳಿಯುತ್ತೇವೆ’ ಎಂದು ಬರೆದು ಅವನು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ‘ಚಷ್ಮಾ ಹಾಕಿದರೆ ಅಣ್ಣನಿಗೆ ಈಗ ಸೂಜಿಯ ಕಣ್ಣೂ ಕಾಣುತ್ತದೆ’ ಎಂದು ಕೆಳಗೆ ಸೇರಿಸಿದ.

ಕಾರ್ಡು ಬಂದದ್ದೇ ಗುರುವಾರ ಬೆಳಿಗ್ಗೆ. ಟಪಾಲಿನ ಇಸ್ಮಾಯಿಲ ಕಟ್ಟೆಯ ಮೇಲೆ ಕುಳಿತು ಎರಡು ಸಲ ಓದಿ ಹೇಳಿ, ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು ಹೋದ. ಶೇವಂತಾಬಾಯಿ ಕೈಮುಗಿದಳು, ಅತ್ತಳು, ದೇವರ ದೀಪಕ್ಕೆ ಎಣ್ಣೆ ಹಾಕಿದಳು. ಆಮೇಲೆ ಅವಳಿಗೆ ಸೂಜಿಯ ಕಣ್ಣು ನೆನಪಾಯಿತು. ಒಳಗೆ ಹೋಗಿ ಅಂಗೈಯಗಲದ ಕನ್ನಡಿ ಹುಡುಕಿ, ಧೂಳು ಒರೆಸಿ, ಬಾಗಿಲ ಬೆಳಕಿನಲ್ಲಿ ಹಿಡಿದಳು.

ಗಂಡ ಸಿದ್ದಪ್ಪ ಅವಳ ಮುಖ ನೋಡಿ ಏಳು ವರ್ಷವಾಗಿತ್ತು. ಮೋತಿಬಿಂದು ಅವನ ಕಣ್ಣಿಗೆ ಮೆಲ್ಲಗೆ ಪೊರೆ ಎಳೆದಾಗ ಅವಳಿಗೆ ಮೂವತ್ತೊಂಬತ್ತು. ಅಲ್ಲಿಂದ ಈಚೆಗೆ ಅವಳೂ ತನ್ನನ್ನು ನೋಡಿಕೊಳ್ಳುವುದನ್ನು ಬಿಟ್ಟಿದ್ದಳು. ತಲೆಗೆ ಒಂದು ಹನಿ ಕುಸುಬಿ ಎಣ್ಣೆ, ವಾರಕ್ಕೊಮ್ಮೆ ಕಡಲೆಹಿಟ್ಟಿನ ಸ್ನಾನ, ಒಗೆದ ಸೀರೆ. ಕುಂಕುಮ ಹಚ್ಚಲು ಕನ್ನಡಿ ಬೇಕಾಗಿರಲಿಲ್ಲ, ಬೆರಳಿಗೆ ಜಾಗ ಗೊತ್ತಿತ್ತು. ನೋಡುವವರಿಲ್ಲದ ಮುಖಕ್ಕೆ ಅಷ್ಟು ಸಾಕಾಗಿತ್ತು. ಈಗ ಕನ್ನಡಿಯಲ್ಲಿ ಕಂಡ ತಲೆ ಎಳ್ಳು ಮತ್ತು ಜೋಳ ಕಲಸಿಟ್ಟ ಮೊರದ ಹಾಗಿತ್ತು. ಎಳ್ಳಿಗಿಂತ ಜೋಳವೇ ಹೆಚ್ಚು.

ಅವನ ಮನಸ್ಸಿನಲ್ಲಿ ಉಳಿದಿರುವುದು ಹಳೆಯ ಮುಖ. ಇವತ್ತು ಮೋಟಾರಿನಿಂದ ಇಳಿದು ಆ ಮುಖವನ್ನು ಹುಡುಕುತ್ತ ಅವನ ಕಣ್ಣು ಒಂದು ಕ್ಷಣ ತಡವರಿಸಿದರೂ ಸಾಕು, ಸಾಯುವತನಕ ತಾನದನ್ನು ಮರೆಯಲಾರೆ ಎಂದು ಅವಳಿಗೆ ಅನ್ನಿಸಿತು.

ಅಷ್ಟರಲ್ಲಿ ಪಕ್ಕದ ಮನೆಯ ಗಂಗುಬಾಯಿ ಒಳಗೆ ಬಂದಳು. ಕಲ್ಯಾಣದ ಹೆಣ್ಣು. ಐದು ವರ್ಷದ ಹಿಂದೆ ಗಂಡನ ಜೊತೆ ಈ ಓಣಿಗೆ ಬಂದವಳು, ಹಾಗಾಗಿ ಸಿದ್ದಪ್ಪನಿಗೆ ಅವಳು ಗೋಡೆಯಾಚೆಯ ಒಂದು ಧ್ವನಿ ಮಾತ್ರ. ಆ ಧ್ವನಿಯಂತೂ ದಿನವಿಡೀ ನಿಲ್ಲುತ್ತಿರಲಿಲ್ಲ. ವಯಸ್ಸಿನಲ್ಲೂ ಮೈಕಟ್ಟಿನಲ್ಲೂ ಮುಖದ ಛಾಯೆಯಲ್ಲೂ ಶೇವಂತಾಬಾಯಿಯ ಜೋಡಿ; ತಲೆ ಇವಳಿಗಿಂತ ಬೆಳ್ಳಗೆ.

“ಸುದ್ದಿ ಛಲೋ ಬಂದದ, ಮಾರಿ ಯಾಕ ಹಿಂಗ ಮಾಡಕೊಂಡಿ ಶೇವಂತಕ್ಕಾ?”

“ಅವ್ರು ಇವತ್ತು ನನ್ನ ನೋಡತಾರವ್ವ, ಗಂಗೂ.”

“ನೋಡ್ಲಿ ಬಿಡು.”

“ಏನು ನೋಡ್ಲಿ? ಇದನ್ನ?” ಎಂದು ಅವಳು ಜಡೆಯನ್ನು ಮುಂದೆ ಎಳೆದು ತೋರಿಸಿದಳು.

ಗಂಗುಬಾಯಿ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಜಡೆಯನ್ನು ಹಿಡಿದು ಮೇಲೆ ಕೆಳಗೆ ನೋಡಿದಳು. “ಖರೇ ಅದ. ಇದನ್ನ ಕಂಡ್ರ ಸಿದ್ದಪ್ಪಣ್ಣ ತಿರುಗಿ ಹೈದರಾಬಾದಿಗೆ ಹೋಗಿ, ನನ್ನ ಹಳೀ ಕಣ್ಣು ವಾಪಸ್ ಕೊಡ್ರಿ ಡಾಕ್ಟರ್ ಸಾಹೇಬ್ರ ಅಂತಾನ.”

ಶೇವಂತಾಬಾಯಿಗೆ ನಗು ಬರಲಿಲ್ಲ. ಅದನ್ನು ಕಂಡು ಗಂಗುಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. “ಹೆದರಬ್ಯಾಡ. ನಮ್ಮತ್ತಿ ಕಲ್ಯಾಣದಾಗ ನವಾಬರ ವಾಡೆಕ್ಕ ಹಾಲು ಹಾಕತಿದ್ಲು. ಅಲ್ಲಿ ಹೆಂಗಸರು ಹ್ಯಾಂಗ ಮುದುಕ್ಯಾರ ಆಗದಂಗ ಇರತಾರ, ಎಲ್ಲಾ ನನಗ ಗೊತ್ತದ.”

“ಹಂಗಾದ್ರ ನೀನ ಯಾಕ ತಲಿಗಿ ಬಣ್ಣ ಹಚ್ಚಕೊಂಡಿಲ್ಲ?”

“ನನ್ನ ಯಾರು ನೋಡತಾರ? ನಮ್ಮನಿಯವ್ರಿಗಿ ಎರಡೂ ಕಣ್ಣು ಛಲೋ ಅದಾವ. ಆದ್ರೂ ನೋಡಂಗಿಲ್ಲ.” ಗಂಗುಬಾಯಿ ಅದನ್ನು ನಗುತ್ತಲೇ ಹೇಳಿದಳು. ಹೇಳಿ ಕನ್ನಡಿಯನ್ನು ಬೋರಲು ಇಟ್ಟಳು.

ಬಳೆಗಾರ್ತಿ ಹಜಿರಾ ಬೀ ಒಂಬತ್ತರ ಹೊತ್ತಿಗೆ ಓಣಿಗೆ ಬಂದಳು. ಅವಳ ಬುಟ್ಟಿಯಲ್ಲಿ ಬಳೆಯ ಕೆಳಗೆ ಸುರ್ಮಾ, ಅತ್ತರು, ಕೂದಲಿಗೆ ಹಚ್ಚುವ ಖಿಜಾಬಿನ ಪುಡಿ ಎಲ್ಲ ಇರುತ್ತಿದ್ದವು. ಗಂಗುಬಾಯಿ ಖಿಜಾಬು ಕೇಳಿದಳು. ಆದರೆ ಶೇವಂತಾಬಾಯಿಯ ಮುಖ ನೋಡಿ ಹಜಿರಾ ಬೀ ಬುಟ್ಟಿಯ ಮೇಲಿನ ಬಟ್ಟೆ ತೆಗೆಯಲಿಲ್ಲ.

“ಈ ವಯಸ್ಸಿಗಿ ಇದೆಲ್ಲಾ ಯಾಕ ಅಕ್ಕಾ? ಸೀದಾಸಾದಾ ಇರ್ರಿ. ಹಸಿ ಹಾಲಿನಾಗ ಮುಖ ತೊಳೀರಿ, ತಲಿಗಿ ಜರಾ ಎಣ್ಣಿ ಹಚ್ರಿ, ಕಣ್ಣತುಂಬ ನಿದ್ದಿ ಮಾಡ್ರಿ. ಇಷ್ಟೇ ಬಸ್.”

“ನಿದ್ದಿ ಮಾಡಾಕ ಟೈಮೆಲ್ಲಿ ಅದ? ನಾಕಕ್ಕ ಮೋಟಾರ ಬರತದ!” ಎಂದು ಗಂಗುಬಾಯಿ ತಾನೇ ಬುಟ್ಟಿಗೆ ಕೈಹಾಕಿ ಪುಡಿಯ ಪೊಟ್ಟಣ ಹೊರಗೆ ತೆಗೆದಳು.

ಹಜಿರಾ ಬೀಗೆ ಮುಂದಿನ ಓಣಿಯಲ್ಲಿ ಮದುವೆಯ ಬಳೆ ಇಡಿಸುವುದಿತ್ತು. ಬುಟ್ಟಿಯನ್ನು ತಲೆಗೇರಿಸುತ್ತ ಅವಸರದಲ್ಲಿ, “ದೋ ಘಡಿ ರಖ್ಕೋ ಧೋ ಡಾಲೋ. ಮೂಂಕು ಮುಲ್ತಾನಿ ಮಿಟ್ಟಿ ಲಗಾವೋ,” ಎಂದು ಹೇಳಿ ಹೊರಟುಹೋದಳು. ಎರಡು ಗಳಿಗೆ, ಅಂದರೆ ಸ್ವಲ್ಪ ಹೊತ್ತು ಇಟ್ಟು ತೊಳೆಯಿರಿ, ಮುಖಕ್ಕೆ ಮುಲ್ತಾನಿ ಮಿಟ್ಟಿ ಹಚ್ಚಿರಿ ಎಂದು ಅವಳ ಮಾತಿನ ಅರ್ಥ. ಆದರೆ ಹುಮನಾಬಾದಿನ ಕಚೇರಿಯ ಮುಂದೆ ತಾಸು ತಾಸಿಗೆ ಹೊಡೆಯುವ ಕಂಚಿನ ಗಂಟೆಗೂ ಜನ ಘಡಿ ಎಂದೇ ಹೇಳುತ್ತಿದ್ದರು.

“ತಿಳೀತೇನು?” ಎಂದಳು ಗಂಗುಬಾಯಿ. “ಕಚೇರಿ ಘಡಿ ಎರಡು ಹೊಡಿಯೂ ಮಟ ತಲಿಮ್ಯಾಲೆ ಇಡಬೇಕಂತ.”

ಶೇವಂತಾಬಾಯಿ ಒಂಬತ್ತೂವರೆಯಿಂದ ತಲೆಗೆ ಕರಿ ಕೆಸರು ಮೆತ್ತಿಕೊಂಡು ಕುಳಿತಳು. ಹತ್ತು ಹೊಡೆಯಿತು. ಹನ್ನೊಂದು ಹೊಡೆಯಿತು. ಕೆಸರು ಹಣೆಗೆ ಇಳಿಯಿತು, ಕಿವಿಯ ಹಿಂದೆ ಇಳಿಯಿತು. ಹನ್ನೆರಡಕ್ಕೆ ಕುತ್ತಿಗೆ ಉರಿಯತೊಡಗಿತು.

“ಉರಿಯಾಕತ್ತದ ಗಂಗೂ.”

“ಉರೀಲಿ. ಬಿಳಿಕೂದಲು ಸಾಯಾಕತ್ತಾವ, ಸುಮ್ನ ಸಾಯತಾವೇನು?”

ಒಂದಕ್ಕೆ ಮುಖದ ಸರದಿ ಬಂತು. ಮುಲ್ತಾನಿ ಮಿಟ್ಟಿ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. “ಮಿಟ್ಟಿ ಅಂದ್ರ ಮಣ್ಣು. ನಮ್ಮೂರಾಗ ಮಣ್ಣಿಗೇನು ಬರ?” ಎಂದು ಗಂಗುಬಾಯಿ ಹಿತ್ತಿಲಿನಿಂದ ಒಂದು ಪುಟ್ಟಿ ಕರಲು ಮಣ್ಣು ತಂದು ನೀರು ಹಾಕಿ ಕಲಸಿದಳು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಸೋರದಿರಲೆಂದು ಹಾಕುವ ಮಣ್ಣು ಅದು. ಅರ್ಧ ತಾಸಿನಲ್ಲಿ ಒಣಗಿ ಬಿಗಿದುಕೊಂಡಿತು. ಶೇವಂತಾಬಾಯಿಗೆ ಹುಬ್ಬು ಏರಿಸಲೂ ಬರದಾಯಿತು.

“ಹತ್ತು ಮಳಿಗಾಲ ಸೋರಂಗಿಲ್ಲ ನೋಡು ಈ ಮಾರಿ!” ಎಂದು ಗಂಗುಬಾಯಿ ನಕ್ಕಳು. ಮಣ್ಣಿನೊಳಗಿನವಳು ನಗಲೂ ಆಗದೆ, ಅಳಲೂ ಆಗದೆ ಕುಳಿತಿದ್ದಳು.

ಘಡಿ ಎರಡು ಹೊಡೆದ ಮೇಲೆ ಎಲ್ಲವನ್ನೂ ತೊಳೆದರು. ಕೂದಲು ಕಪ್ಪಾಗಿತ್ತು. ಅದು ಯಾವ ಮನುಷ್ಯರ ತಲೆಯಲ್ಲೂ ಇಲ್ಲದ ಕಪ್ಪು. ಮಸಿಯಲ್ಲಿ ಬಿದ್ದೆದ್ದ ಕಾಗೆಯ ಕಪ್ಪು. ಹಣೆಯ ಮೇಲೆ ಕುದುರೆ ಲಾಳದ ಆಕಾರದ ಕಲೆ ಉಳಿಯಿತು. ಕಡಲೆಹಿಟ್ಟು, ಹುಣಸೆಹುಳಿ, ಕೊನೆಗೆ ಒಲೆಯ ಬೂದಿ ಹಾಕಿ ಉಜ್ಜಿದರೂ ಹೋಗಲಿಲ್ಲ. ಮುಖ ಮಾತ್ರ ಹೊಸ ಹಂಚಿನ ಹಾಗೆ ಕೆಂಪಾಗಿ ಹೊಳೆಯುತ್ತಿತ್ತು.

“ತುಟಿ ಒಂದು ಕೆಂಪಾದ್ರ ಎಲ್ಲಾ ಕೂಡತದ,” ಎಂದು ಗಂಗುಬಾಯಿ ಎಲೆ ಮಡಿಚಿ ಕೊಟ್ಟಳು. ಬೇಗ ಕೆಂಪಾಗಲೆಂದು ಸುಣ್ಣವನ್ನು ಬೆರಳಿನ ಬದಲು ಚಮಚದಿಂದ ಹಚ್ಚಿದ್ದಳು. ತುಟಿ ಕೆಂಪಾಯಿತು. ನಾಲಗೆ ಸುಟ್ಟು, ಊದಿ, ಬಾಯೊಳಗೆ ಬೇರೆಯವರ ನಾಲಗೆಯಂತೆ ಬಿದ್ದುಕೊಂಡಿತು.

ಲಾಲಪ್ಪನ ಟಾಂಗಾ ಬಾಗಿಲಲ್ಲಿ ನಿಂತಾಗ ಶೇವಂತಾಬಾಯಿ ಏನೋ ಹೇಳಲು ಹೋದಳು. “ಊಂ… ಬ್ಬ…” ಎಂದಷ್ಟೇ ಬಂತು.

“ಮದುವಿ ಹುಡುಗಿ ಹಂಗ ನಾಚಾಕತ್ತಾಳ ನಮ್ಮಕ್ಕ,” ಎಂದು ಗಂಗುಬಾಯಿ ಲಾಲಪ್ಪನಿಗೆ ಹೇಳಿದಳು.

ಆ ದಿನ ಮೋಟಾರು ಹೊತ್ತಿಗೆ ಸರಿಯಾಗಿ ಸ್ಟ್ಯಾಂಡಿಗೆ ಬಂತು. ಹಣೆಯ ಕಲೆ ಕಾಣದಿರಲೆಂದು ಶೇವಂತಾಬಾಯಿ ಎರಡೂ ಕೈಯಿಂದ ಸೆರಗನ್ನು ಹುಬ್ಬಿನವರೆಗೆ ಎಳೆದು ಹಿಡಿದಿದ್ದಳು. ಹೀಗಾಗಿ, ಊರಿಂದ ಬಂದವರ ಕಾಲಿಗೆ ಹಾಕುವ ನೀರಿನ ತಂಬಿಗೆ ಗಂಗುಬಾಯಿಯ ಕೈಯಲ್ಲಿತ್ತು. ಟಾಂಗಾದ ಗಾಳಿಗೆ ಗಂಗುಬಾಯಿಯ ಸೆರಗು ಜಾರಿ ತಲೆ ಬಯಲಾಗಿತ್ತು. ಅವಳು ಅದನ್ನು ಗಮನಿಸಿರಲಿಲ್ಲ.

ಸಿದ್ದಪ್ಪ ಇಳಿದ. ದಪ್ಪ ಗಾಜಿನ ಹಿಂದೆ ಅವನ ಕಣ್ಣುಗಳು ಎರಡು ಪಟ್ಟು ದೊಡ್ಡದಾಗಿ ಕಾಣುತ್ತಿದ್ದವು. ಮಡೆಪ್ಪ ಗಂಟುಗಳನ್ನು ಇಳಿಸಲು ಮೋಟಾರಿನ ಮೇಲೆ ಹತ್ತಿದ್ದ. ಸಿದ್ದಪ್ಪ ಜನರ ಮೇಲೆ ಕಣ್ಣಾಡಿಸಿದ. ಸೆರಗಿನಲ್ಲಿ ಮುಖ ಮರೆಸಿಕೊಂಡ, ಹೆಗಲ ಮೇಲೆ ಕರಿಜಡೆ ಬಿದ್ದ ಹೆಂಗಸೊಬ್ಬಳನ್ನು ದಾಟಿ ಆ ಕಣ್ಣುಗಳು ಮುಂದೆ ಹೋದವು. ತಂಬಿಗೆ ಹಿಡಿದವಳ ಮೇಲೆ ನಿಂತವು. ಅವು ಎಲ್ಲಿಯೂ ತಡವರಿಸಲಿಲ್ಲ.

ಅವನು ನೇರವಾಗಿ ಗಂಗುಬಾಯಿಯ ಮುಂದೆ ಬಂದು ನಿಂತ.

“ಬಂದಿ?” ಎಂದ. “ಏಳು ವರ್ಷ ಕತ್ತಲದಾಗ ಕುಂತು ನಾ ದಿನಾ ನಿನಗ ಒಂದೊಂದು ಬಿಳಿಕೂದಲು ಹಚ್ಚಾಕತ್ತಿದ್ದೆ. ನಾ ಒಬ್ಬನೇ ಮುದುಕ ಆಗಬಾರದಲ್ಲ ಅಂತ. ಮನಸಿನಾಗ ಹ್ಯಾಂಗ ನೋಡಿದ್ದೆನೋ, ಹಂಗೇ ಇದ್ದಿ. ಎಷ್ಟು ಚಂದ ಹಣ್ಣಾಗಿ ನೀ!”

ಗಂಡನ ಹೆಸರು ಹಿಡಿದು ಕೂಗುವ ಪದ್ಧತಿ ಇರಲಿಲ್ಲ. ‘ಏನ್ರಿ’ ಎಂದು ಒಂದು ಮಾತು ಅಂದಿದ್ದರೆ ಸಾಕಾಗಿತ್ತು, ಆ ಧ್ವನಿಯನ್ನು ಅವನು ಸಾವಿರ ಜನರ ಸಂತೆಯಲ್ಲೂ ಗುರುತಿಸುತ್ತಿದ್ದ. ಶೇವಂತಾಬಾಯಿಯ ಬಾಯಿಂದ “ಬ್ಬ…” ಎಂದಷ್ಟೇ ಬಂತು. ಹುಟ್ಟಿದಾಗಿನಿಂದ ಮಾತು ನಿಲ್ಲಿಸದ ಗಂಗುಬಾಯಿಗೂ ಆಗ ಮಾತು ಹೊರಡಲಿಲ್ಲ. ಅವಳು ಸೆರಗು ಎಳೆದುಕೊಳ್ಳುವುದನ್ನೂ ಮರೆತು, ತನ್ನನ್ನು ನೋಡುತ್ತಿದ್ದ ಆ ದೊಡ್ಡ ಕಣ್ಣುಗಳನ್ನೇ ನೋಡುತ್ತ ನಿಂತಿದ್ದಳು.

“ಅಣ್ಣಾ!” ಮೋಟಾರಿನ ಮೇಲಿಂದ ಮಡೆಪ್ಪ ಕೂಗಿದ. “ಅವ್ರು ಬಾಜೂಮನಿ ಗಂಗುಬಾಯಿ! ವೈನಿ ಇತ್ತ ನಿಂತಾರ ನೋಡು!”

ಕಂಡಕ್ಟರ್ ನಕ್ಕ. ಶೇಂಗಾ ಮಾರುವವನು ನಕ್ಕ. ಸಿದ್ದಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ. “ತಪ್ಪಾತ್ರಿ ತಾಯಿ, ತಪ್ಪಾತ್ರಿ.” ಗಂಗುಬಾಯಿಯ ಕೈಯಲ್ಲಿ ತಂಬಿಗೆ ವಾಲಿ ನೀರೆಲ್ಲ ನೆಲಕ್ಕೆ ಹೋಯಿತು.

ಅವನು ಶೇವಂತಾಬಾಯಿಯ ಕಡೆ ತಿರುಗಿದ. ಅವಳು ಸೆರಗು ಸರಿಸಿದಳು. ಅವನು ನೋಡಿದ, ಚಷ್ಮಾ ತೆಗೆದು ಪಂಚೆಯ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಕೆಳಗೆ ಇಳಿದು ಬಂದ ತಮ್ಮನನ್ನು ಮೆಲ್ಲಗೆ ಕೇಳಿದ: “ಇಕೀನಾ?”

ಮೆಲ್ಲಗೆ ಕೇಳಿದ್ದು ಅವಳಿಗೂ ಕೇಳಿಸಿತು.

ಟಾಂಗಾದಲ್ಲಿ ಜಾಗವಿದ್ದರೂ ಗಂಗುಬಾಯಿ ಹತ್ತಲಿಲ್ಲ. “ನಾ ನಡಕೋತ ಬರತೀನಿ,” ಎಂದು ಮುಖ ತಿರುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಟಳು. ಅವಳಿಗೆ ಬಂದದ್ದು ಅವಮಾನದ ಅಳುವೋ ಬೇರೆ ಯಾವುದೋ, ಶೇವಂತಾಬಾಯಿಗೆ ತಿಳಿಯಲಿಲ್ಲ. ಹೊಟ್ಟೆಕಿಚ್ಚು ಪಡಬೇಕೆಂದರೂ ಅವಳ ಮೇಲೆ ಪಡಲಾಗಲಿಲ್ಲ.

ಮಡೆಪ್ಪ ಮುಂದೆ ಲಾಲಪ್ಪನ ಪಕ್ಕದಲ್ಲಿ ಕುಳಿತ. ಹಿಂದೆ ಗಂಡ ಹೆಂಡತಿ ಇಬ್ಬರೇ. ಟಾಂಗಾ ಹೊರಟ ಮೇಲೆ ಸಿದ್ದಪ್ಪ, “ಚಂದ ಕಾಣಸ್ತಿ,” ಎಂದ. ಮದುವೆಮನೆಯಲ್ಲಿ ಗುರುತಿಲ್ಲದ ಬೀಗರ ಸೀರೆ ನೋಡಿ ಹೇಳುವ ಮಾತಿನ ಹಾಗಿತ್ತು ಅದು.

ಕೆಳಗೆ ಎಲ್ಲ ಬೆಳ್ಳಗೇ ಇದೆ, ನೀವು ನೋಡಿದ್ದು ಮೇಲಿನ ಬಣ್ಣ ಮಾತ್ರ ಎಂದು ಅವಳಿಗೆ ಹೇಳಬೇಕಾಗಿತ್ತು. ಗಂಗುಬಾಯಿಗೆ ಹೇಳಿದ ಆ ಮಾತನ್ನು ನನಗೂ ಒಮ್ಮೆ ಹೇಳಿ ಎಂದು ಕೇಳಬೇಕಾಗಿತ್ತು. ಆದರೆ ಅಂಥ ಮಾತು ಕೇಳಿ ಪಡೆಯುವಂಥದ್ದಲ್ಲ. ಒಂದು ಜನ್ಮಕ್ಕೆ ಒಮ್ಮೆ ಬರುವಂಥದ್ದು, ಬಂದು ಹೋಗಿತ್ತು.

ಸಿದ್ದಪ್ಪ ಇನ್ನೊಮ್ಮೆ ಅವಳನ್ನು ನೋಡಿದ. ಆಮೇಲೆ ಚಷ್ಮಾ ತೆಗೆದು ಮಡಿಚಿ ಕಿಸೆಯಲ್ಲಿಟ್ಟುಕೊಂಡ. ಏಳು ವರ್ಷ ಕುಳಿತ ಹಾಗೆಯೇ ಕಣ್ಣು ಮುಚ್ಚಿ, ಅವಳ ಕಡೆಗೆ ಕಿವಿ ಕೊಟ್ಟು ಕುಳಿತ.

“ಹ್ಞಾಂ, ಈಗ ಒಂದು ಮಾತಾಡು,” ಎಂದ. “ಏನರ ಬೈ.”

ಶೇವಂತಾಬಾಯಿ ಬಾಯಿ ತೆರೆದಳು. ನಾಲಗೆ ಹೊರಳಲಿಲ್ಲ. ಅವನು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದ. ಟಾಂಗಾ ಮನೆಯ ಓಣಿಗೆ ತಿರುಗಿತು.