ಅಕ್ಕನ ಸಂಚಾರ ಬಂಡಿ

ಲಾಕ್‌ಡೌನಿನ ಕಾಲದಲ್ಲಿ ಇಡೀ ಜತ್ತ ತಾಲ್ಲೂಕಿನಲ್ಲಿ ಸರ್ಕಾರದ ಆದೇಶವನ್ನು ಅಕ್ಷರಶಃ ಪಾಲಿಸಿದವಳು ನಮ್ಮಕ್ಕ ಒಬ್ಬಳೇ ಎಂದರೆ ನೀವು ನಂಬಲಿಕ್ಕಿಲ್ಲ. ಪೊಲೀಸರೂ ನಂಬಲಿಲ್ಲ! ಪಾಲಿಸಿದ ತಪ್ಪಿಗೇ ಅವಳನ್ನು ನಡುರಸ್ತೆಯಲ್ಲಿ ತಡೆದು ನಿಲ್ಲಿಸಿದರು.

ಶಾಸನಗಳ ಸಂಶೋಧನೆಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ನಾನು, ಆ ವರ್ಷ ಯುಗಾದಿಗೆಂದು ಅಕ್ಕನ ಊರಿಗೆ ಹೋದವನು ಅಲ್ಲಿಯೇ ಸಿಕ್ಕಿಬಿದ್ದೆ. ತಿಕೋಂಡಿಯಿಂದ ತುಸು ದೂರದ ಗಡಿಯ ಊರು ಅದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಜಗಳದಲ್ಲಿ ಎರಡೂ! ಭಾವನವರು ತೀರಿಕೊಂಡ ಮೇಲೆ ಅಕ್ಕನೇ ಕಿರಾಣಿ ಅಂಗಡಿ ನಡೆಸುತ್ತಿದ್ದಳು. ಅವಳೊಡನೆ ವಾದಿಸಿ ಗೆದ್ದವರು ಆ ಸೀಮೆಯಲ್ಲಿದ್ದಾರೆಯೇ? ನಾನಂತೂ ಹುಡುಕಿ ಸೋತಿದ್ದೇನೆ.

ಒಂದು ನಿದರ್ಶನ ಕೊಡುತ್ತೇನೆ. ಲಾಕ್‌ಡೌನ್ ಅಮಾವಾಸ್ಯೆಗೆ ಬಂತೆಂದು ಅವಳು, ಯುಗಾದಿಗೆ ಬಂತೆಂದು ನಾನು. ತಾರೀಖಿನ ವಿಷಯದಲ್ಲಿ ನಾನು ಸುಲಭಕ್ಕೆ ಬಿಡುವವನಲ್ಲ. ಗೋಡೆಯ ಮೇಲಿದ್ದ ಕನ್ನಡ ಪಂಚಾಂಗ, ಮರಾಠಿ ಕ್ಯಾಲೆಂಡರು ಎರಡನ್ನೂ ಇಳಿಸಿ ತಾಳೆ ನೋಡಿದೆ. ಘೋಷಣೆಯಾದದ್ದು ಅಮಾವಾಸ್ಯೆಯ ರಾತ್ರಿ, ಜಾರಿಗೆ ಬಂದದ್ದು ಯುಗಾದಿಯ ದಿನ. “ಇಬ್ಬರದೂ ಖರೆ ಅಕ್ಕಾ,” ಎಂದೆ.

“ನಂದು ಮದ್ಲ ಖರೆ!” ಎಂದಳು.

ಸಂಚಾರ ನಿರ್ಬಂಧಕ್ಕೆ ಮರಾಠಿಯಲ್ಲಿ ‘ಸಂಚಾರಬಂದೀ’ ಎನ್ನುತ್ತಾರೆ. ಪಂಚಾಯಿತಿಯವರು ಜೀಪಿಗೆ ಭೋಂಗಾ, ಅಂದರೆ ಧ್ವನಿವರ್ಧಕ, ಕಟ್ಟಿಕೊಂಡು, “ಗಾವಾತ ಸಂಚಾರಬಂದೀ ಲಾಗೂ ಝಾಲೀ ಆಹೆ,” ಊರಿನಲ್ಲಿ ಅದು ಜಾರಿಯಾಗಿದೆ ಎಂದು ಕೂಗುತ್ತ ಹೋದರು. ಅಕ್ಕ ಜೋಳ ಹಸನು ಮಾಡುತ್ತಿದ್ದವಳು ತಲೆಯೆತ್ತಿದಳು.

“ಕೇಳಿದೇನು ತಮ್ಮಾ? ಸಂಚಾರ ಬಂಡಿ ಲಾಗೂ ಆಗೇತಂತ!”

“ಬಂಡಿ ಅಲ್ಲಕ್ಕಾ, ಬಂದೀ. ದಕಾರ. ತಿರುಗಾಡಬಾರದು ಅಂತ ಅರ್ಥ.”

“ನೀ ಕಲ್ಲಿನ ಮ್ಯಾಲಿನ ಅಕ್ಷರ ಓದಾಂವ. ಭೋಂಗಾದಾಗಿಂದು ನಿನಗೇನ್ ತಿಳೀತೈತಿ?”

ಇಲ್ಲಿ ಓದುಗರು ಒಂದು ಆಧಾರವನ್ನು ಗಮನಿಸಬೇಕು. ಅಕ್ಕ ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಸಾಲಿ ಕಲಿತವಳು. ಸಾಂಗಲಿಯ ವ್ಯಾಪಾರಸ್ಥರನ್ನು ಅವರ ಭಾಷೆಯಲ್ಲೇ ನೀರಿಳಿಸಿದವಳು. ಅಷ್ಟೇ ಅಲ್ಲ, ಎತ್ತಿನ ಗಾಡಿಗೆ ಜೀವಮಾನವಿಡೀ ‘ಚಕ್ಕಡಿ’ ಎಂದೇ ಅಂದವಳ ಬಾಯಲ್ಲಿ ಅಂದು ಒಮ್ಮಿಂದೊಮ್ಮೆ ‘ಬಂಡಿ’ ಹುಟ್ಟಿತ್ತು! ಇದು ಕಿವಿಯ ದೋಷವೆಂದು ಯಾವ ಭಾಷಾಶಾಸ್ತ್ರಜ್ಞ ಒಪ್ಪಿಯಾನು?

ಕಾರಣ ಬೇರೆಯೇ ಇತ್ತು. ಅದರ ಹೆಸರು ಹುಸೇನಬಿ. ಬಾವಿಯ ಮಗ್ಗುಲಿನ ತುಂಡು ಹೊಲದಲ್ಲಿ ಕಾಯಿಪಲ್ಲೆ ಬೆಳೆದು, ವಾರದ ಸಂತೆಯಲ್ಲಿ ಮಾರಿ ಬದುಕುತ್ತಿದ್ದ ಒಂಟಿ ಹೆಂಗಸು. ಸಂತೆ ನಿಂತುಹೋಯಿತು. ಬುಟ್ಟಿ ಹೊತ್ತು ಓಣಿ ಓಣಿ ತಿರುಗೋಣವೆಂದರೆ, ಮೇಲಿನ ಓಣಿಯ ಮಲ್ಲಪ್ಪಣ್ಣ ಅಡ್ಡ ನಿಂತ. ಅವನ ಫೋನಿಗೆ ಸುದ್ದಿಯೊಂದು ಬಂದಿತ್ತು. ಸುದ್ದಿ ಬಂದಮೇಲೆ ಬುದ್ಧಿಗೆ ಕೆಲಸವೇನು?

“ಆಕಿ ಬುಟ್ಟಿ ನಮ್ಮ ಓಣ್ಯಾಗ ಬರೂದು ಬ್ಯಾಡ. ಆ ಮಂದೀಲಿಂದ ರೋಗ ಹಬ್ಬತೈತಂತ, ಫೋನಿನ್ಯಾಗ ಬಂದೈತಿ,” ಎಂದು ಅಂಗಡಿಯ ಮುಂದೆ ನಿಂತು ಸಾರಿದ.

“ಮದ್ಲ ನಿನ್ನ ಫೋನಿಗೆ ಮಾಸ್ಕ ಹಾಕು ಮಲ್ಲಪ್ಪಾ,” ಎಂದಳು ಅಕ್ಕ.

ಆದರೆ ಹುಸೇನಬಿಯ ಕಸುವು ಅಷ್ಟರಲ್ಲಿ ಉಡುಗಿತ್ತು. ಬುಟ್ಟಿಯನ್ನು ಅಂಗಡಿಯ ಕಟ್ಟೆಗೆ ಇಳಿಸಿ ಹೇಳಿದಳು: “ರಸ್ತಾ ಬಿಟ್ಟ ಕೂಡ್ಲೆ ವಿಜಾಪುರಕ್ಕ ತಮ್ಮನ ಮನಿಗೆ ಹೋಗಿಬಿಡ್ತೀನ್ರಿ ಅಕ್ಕಾ. ಹೊಲ ಹಂಗ ಬಿದ್ದಿರ್ಲಿ. ಹುಟ್ಟಿದೂರಾಗ ನನ್ನ ಬುಟ್ಟಿ ನೋಡಿ ಬಾಗಲಾ ಹಾಕ್ಕೊಂತಾರ. ಇನ್ನ ಏನ್ ಬೆಳೀಲಿ, ಯಾರಿಗಂತ ಬೆಳೀಲಿ?”

ಜೀಪು ಬಂದದ್ದು ಅದೇ ದಿನ. ನನ್ನ ಬಾಯಿ ಮುಚ್ಚಿಸಿದ ಅಕ್ಕ ನೇರ ಹಿತ್ತಲಿಗೆ ಹೋಗಿ ಚಕ್ಕಡಿಯ ಗಾಲಿಗೆ ಎಣ್ಣೆ ಬಿಟ್ಟಳು.

ಮರುದಿನ ಮುಂಜಾನೆ ಸಂಚಾರ ಬಂಡಿ ಹೊರಟಿತು. ಹಿಂದುಗಡೆ ಸಕ್ಕರೆ, ಚಹಾಪುಡಿ, ಬೇಳೆ, ಉಪ್ಪು. ಮುಂದುಗಡೆ ಹುಸೇನಬಿಯ ಬದನೆ, ಟೊಮೆಟೊ, ಹಸಿಮೆಣಸಿನಕಾಯಿ. ನಡುವೆ ಮುಖಕ್ಕೆ ಸೆರಗು ಬಿಗಿದುಕೊಂಡ ಹುಸೇನಬಿ. ಎತ್ತು ಹೊಡೆಯುವವಳು ಅಕ್ಕ. ತಕ್ಕಡಿ ಹಿಡಿದು ಹಿಂದೆ ನಡೆಯುವವನು, ಹಲವು ವಿಚಾರ ಸಂಕಿರಣಗಳ ಅಧ್ಯಕ್ಷತೆ ವಹಿಸಿದ್ದ ನಾನು! ಗಿರಾಕಿಗಳು ಹತ್ತಿರ ಬರಬಾರದೆಂದು ನೀರಾವರಿಯ ಹಳೆಯ ಪೈಪೊಂದನ್ನು ಬಂಡಿಯ ಅಂಚಿಗೆ ಓರೆಯಾಗಿ ಕಟ್ಟಿದ್ದಳು. ಈ ತುದಿಯಲ್ಲಿ ಸಕ್ಕರೆ ಸುರಿದರೆ ಆ ತುದಿಯಲ್ಲಿ ಗಿರಾಕಿಯ ಚೀಲಕ್ಕೆ ಇಳಿಯುತ್ತಿತ್ತು. ರೋಗದ ವಿಷಯದಲ್ಲಿ ಅಕ್ಕ ಯಾವ ಡಾಕ್ಟರರಿಗೂ ಕಡಿಮೆಯಿರಲಿಲ್ಲ. ಅವಳ ತಕರಾರು ಫೋನಿನ ಸುಳ್ಳಿನ ಮೇಲೆ ಮಾತ್ರ.

ಊರ ಹೆಬ್ಬಾಗಿಲಾದ ಅಗಸಿಯ ಬಳಿ ಹವಾಲ್ದಾರರು ಕೋಲು ಅಡ್ಡ ಹಿಡಿದರು. “ಆಜಿ, ಸಂಚಾರಬಂದೀ ಆಹೆ, ಮಾಹೀತ ನಾಹೀ ಕಾ?”

“ಮಾಹೀತ ಆಹೆ ಕೀ! ಹೀಚ ತೀ!” ಗೊತ್ತಿಲ್ಲದೇನು, ಇದೇ ಅದು ಎನ್ನುತ್ತ ಅಕ್ಕ ಬಂಡಿಯ ಹಲಗೆಯ ಮೇಲೆ ಪಟಪಟನೆ ಬಡಿದಳು. ಹವಾಲ್ದಾರರು ಬಂಡಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. “ನಂಬಿಕಿ ಇಲ್ಲಂದ್ರ ನಮ್ಮ ತಮ್ಮಗ ಕೇಳ್ರಿ. ಪೀಎಚ್‌ಡಿ ಮಾಡ್ಯಾನ!”

ಸುಳ್ಳು ಹೇಳುವುದು ನನ್ನಿಂದಾಗದು. ಸತ್ಯವನ್ನು ಸಂಕ್ಷೇಪವಾಗಿ ಹೇಳುವುದೂ ಆಗದು! ‘ಬಂದೀ’ ಎಂಬುದು ಪಾರಸಿಯಿಂದ ಬಂದದ್ದು, ‘ಬಂಡಿ’ ನಮ್ಮ ಬಳಕೆಯದು, ಆಡುಮಾತಿನಲ್ಲಿ ದಕಾರ ಡಕಾರಗಳು ಒಂದರ ಸ್ಥಾನದಲ್ಲಿ ಇನ್ನೊಂದು ಬರುವ ಸಂಭವವನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು ಎಂದು ಆರಂಭಿಸಿದೆ. ಬಿಸಿಲು ಏರಿತು. ಎತ್ತುಗಳು ಮೆಲುಕು ಹಾಕತೊಡಗಿದವು. ನಾನು ಪೀಠಿಕೆ ಮುಗಿಸಿ ವಿಷಯ ಪ್ರವೇಶ ಮಾಡುವಷ್ಟರಲ್ಲಿ ಹವಾಲ್ದಾರರು ಕೈ ಮುಗಿದರು.

“ಜಾ ಆಜಿ, ಜಾ. ಆಣಿ ಯಾಂನಾ ಪಣ ಘೇಊನ ಜಾ!” ಅಂದರೆ, ಹೋಗಜ್ಜಿ, ಇವರನ್ನೂ ಕರೆದುಕೊಂಡು ಹೋಗು! ಕಿರಾಣಿಗೂ ಕಾಯಿಪಲ್ಲೆಗೂ ಮುಂಜಾನೆಯ ವಿನಾಯಿತಿ ಇತ್ತೆಂಬ ಸರಳ ಸಂಗತಿ ನನಗೆ ನೆನಪಾದದ್ದು ಆಮೇಲೆ.

ಮೇಲಿನ ಓಣಿಯಲ್ಲಿ ಅಸಲು ಯುದ್ಧ. ಅಕ್ಕ ಎತ್ತು ನಿಲ್ಲಿಸಿ ಕೂಗಿದಳು: “ಚಾಪುಡಿ ಬೇಕಂದ್ರ ಬದನಿಕಾಯಿ ತಗೋಬೇಕು. ಎರಡೂ ಒಂದ ಬಂಡ್ಯಾಗ ಬಂದಾವು, ಒಂದ ಚೀಲದಾಗ ಹೋಗ್ತಾವು!”

“ಇದು ಜುಲುಮ್ ಆತು!” ಎಂದ ಮಲ್ಲಪ್ಪಣ್ಣ ಬಾಗಿಲಿನಿಂದಲೇ.

“ಹೌದು. ನೀ ಮಾಡಿದ್ದು ಏನ್ ಸತ್ಯನಾರಾಯಣ ಪೂಜೆ ಆಗಿತ್ತೇನು?”

“ಚಾ ಬಿಟ್ಟು ಬದಕ್ತೀವಿ.”

“ಬದುಕ್ರಿ. ನೋಡ್ತೀನಿ.”

ನಮ್ಮ ಕಡೆಯ ಜನ ಒಂದು ಹೊತ್ತಿನ ರೊಟ್ಟಿ ಬಿಟ್ಟಾರು; ಚಹಾ ಬಿಟ್ಟ ದಾಖಲೆ ನನಗೆಲ್ಲಿಯೂ ಸಿಕ್ಕಿಲ್ಲ. ಮಲ್ಲಪ್ಪಣ್ಣ ತುಳಸಿ ಕುದಿಸಿದ, ಶುಂಠಿ ಕುದಿಸಿದ, ಕಡೆಗೆ ಬರೀ ಬೆಲ್ಲದ ನೀರು ಕುದಿಸಿದ. ಊರಲ್ಲಿ ಬೇರೆ ಅಂಗಡಿಯಿಲ್ಲ, ಜತ್ತಿಗೆ ಹೋಗಲು ವಾಹನವಿಲ್ಲ. ಬಂಡಿ ಮಾತ್ರ ದಿನಾ ಅವನ ಬಾಗಿಲಿಗೆ ಬಂದು ನಿಲ್ಲುತ್ತಿತ್ತು, ದಿನಾ ಮುಂದೆ ಹೋಗುತ್ತಿತ್ತು. ಅಕ್ಕನಿಗೂ ನಷ್ಟವೇ, ಅದನ್ನು ಹೇಳಹೋದರೆ, “ಎತ್ತಿಗೆ ತಿರುಗಾಟ ಆಗ್ತೈತಿ,” ಎನ್ನುತ್ತಿದ್ದಳು. ಹುಸೇನಬಿ ಮಾತ್ರ ಆ ಓಣಿ ಬಂದೊಡನೆ ತಲೆ ತಗ್ಗಿಸುತ್ತಿದ್ದಳು. ಬಾಡಿದ ಬದನೆಗಳನ್ನು ಒಂದೊಂದಾಗಿ ಆರಿಸಿ ಎತ್ತುಗಳಿಗೆ ಹಾಕುತ್ತ, “ಸಾಕ್ರಿ ಅಕ್ಕಾ, ನನ್ನ ಇಳಿಸಿಬಿಡ್ರಿ,” ಎಂದು ಒಮ್ಮೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

“ಕುಂದ್ರು ಸುಮ್ಕ,” ಎಂದಳು ಅಕ್ಕ.

ಒಂದು ಮುಂಜಾನೆ ಬಂಡಿ ನಿಲ್ಲುವ ಮೊದಲೇ ಆ ಮನೆಯ ಬಾಗಿಲು ತೆರೆಯಿತು. ಮಲ್ಲಪ್ಪಣ್ಣನ ಹೆಂಡತಿ ಚೀಲ ಹಿಡಿದು ಹೊರಗೆ ಬಂದಳು. ಹಿಂದಿನಿಂದ ಅವನು, “ಏ, ಎಲ್ಲಿಗೆ ಹೊಂಟಿ?” ಎಂದ.

“ನಿಮ್ಮ ಫೋನ ಕುದಿಸಿದ್ರ ಚಾನೂ ಆಗೂದಿಲ್ಲ, ಪಲ್ಯೆನೂ ಆಗೂದಿಲ್ಲ!” ಎಂದು ತಿರುಗಿ ನೋಡದೆಯೇ ಹೇಳಿ, ಅಕ್ಕನನ್ನು ದಾಟಿ, ನೇರ ಹುಸೇನಬಿಯನ್ನೇ ಕೇಳಿದಳು: “ಹ್ಯಾಂಗ್ ಕೊಟ್ಟಿ ಹುಸೇನಬಿ, ಬದನಿಕಾಯಿ?”

ಓಣಿಯ ಉಳಿದ ಬಾಗಿಲುಗಳು ಇದಕ್ಕಾಗಿಯೇ ಕಾದಿದ್ದವೋ ಏನೋ, ಒಂದೊಂದಾಗಿ ತೆರೆದುಕೊಂಡವು. ಬುಟ್ಟಿ ತಳ ಕಂಡಿತು. ಕೊನೆಗೆ ಬಾಯಿಗೆ ಟವೆಲು ಸುತ್ತಿಕೊಂಡು ಮಲ್ಲಪ್ಪಣ್ಣನೂ ಇಳಿದು ಬಂದ. “ಹಸಿಮೆಣಸಿನಕಾಯಿ ಖಾರ ಅದಾವೇನು?” ಎಂದ ಹುಸೇನಬಿಗೆ. “ನಿಮ್ಮ ಮಾತಿನಷ್ಟ ಇಲ್ರಿ ಅಣ್ಣಾರ,” ಎಂದಳು ಅವಳು. ಅಷ್ಟು ದಿನಗಳಲ್ಲಿ ಅವಳು ತಲೆಯೆತ್ತಿ ಆಡಿದ ಮೊದಲ ಮಾತು ಅದು.

ಗೆದ್ದ ಅಕ್ಕ ಈಗೊಂದು ದೊಡ್ಡ ಭಾಷಣ ಮಾಡುತ್ತಾಳೆಂದು ನಾನು ತಕ್ಕಡಿ ಕೆಳಗಿಟ್ಟು ಕಾದೆ. ಅವಳು ಎತ್ತು ಹೊಡೆದು ಮುಂದೆ ಸಾಗಿದಳು. ಬಂಡಿ ಓಣಿ ದಾಟಿ ಬಾವಿಯ ಹೊಲದ ಹತ್ತಿರ ಬಂದಾಗ ಹುಸೇನಬಿ ಇಳಿದಳು. ಒಂದು ಕ್ಷಣ ಬರಿದಾದ ಮಡಿಗಳನ್ನೇ ನೋಡುತ್ತ ನಿಂತು ಕೇಳಿದಳು:

“ಅಕ್ಕಾ, ನಿಮ್ಮ ಚೀಲದಾಗ ಮೆಂತೆ ಕಾಳು ಅದಾವೇನ್ರಿ? ನಾಳೆ ಒಂದ ಮಡಿ ಹಾಕಬೇಕಂತೀನಿ.”

ಅಕ್ಕ ತಕ್ಕಡಿಯತ್ತ ಕೈಚಾಚಲಿಲ್ಲ. ಮೆಂತೆಯ ಚೀಲದ ಬಾಯಿ ಬಿಚ್ಚಿ, ಹುಸೇನಬಿ ಒಡ್ಡಿದ ಸೆರಗಿಗೆ ಸುರಿಯುತ್ತಲೇ ಹೋದಳು.

“ಸಾಕ್ರಿ ಅಕ್ಕಾ, ಒಂದ ಮಡಿಗೆ ಇಷ್ಟ್ಯಾಕ?”

“ಸುಮ್ಕ ಹಿಡಿ,” ಎಂದಳು ಅಕ್ಕ. ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. “ಎಲ್ಲಾ ಮಡಿಗೂ ಹಾಕು.”