ಇತಿಹಾಸ ವಿಭಾಗಕ್ಕೆ ನಾನು ಹಾಕಿದ ಒಂದು ರೂಪಾಯಿ

ದುಡ್ಡು ಕಡಿಮೆ ಬಿದ್ದರೆ ಜಗಳವಾಗುತ್ತದೆ ಎಂಬುದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತು. ಹೆಚ್ಚು ಬಿದ್ದರೂ ಜಗಳವಾಗುತ್ತದೆ, ಅದು ಇನ್ನೂ ದೊಡ್ಡ ಜಗಳ ಎಂದು ತಿಳಿಯಲು ನಾನು ಮುದುಕಿಯಾಗಬೇಕಾಯಿತು, ನನ್ನ ಸೊಸೆ ಯೂನಿವರ್ಸಿಟಿಯಲ್ಲಿ ಲೆಕ್ಕ ಬರೆಯಬೇಕಾಯಿತು. ನಾನು ಓದಿದ್ದು ಮೂರನೆಯ ಇಯತ್ತೆ. ನಾಲ್ಕನೆಯದರ ಮಾಸ್ತರು ಹೊಡೆಯುತ್ತಾರೆಂದು ಕೇಳಿ ಅಲ್ಲಿಗೇ ನಿಲ್ಲಿಸಿದೆ. ಅದಕ್ಕೆ ನಾನೂ ಅಳಲಿಲ್ಲ, ಮಾಸ್ತರೂ ಅಳಲಿಲ್ಲ. ಓದಿದವರ ಲೆಕ್ಕ ನನಗೆ ತಿಳಿಯುವುದಿಲ್ಲ ಎಂದು ಇದನ್ನು ಬರೆಯುತ್ತಿಲ್ಲ. ತಿಳಿದ ಮೇಲೂ ತಲೆ ತಿರುಗಿತು ಎಂದು ಬರೆಯುತ್ತಿದ್ದೇನೆ.

ನಮ್ಮದು ರಾಯಚೂರು ಕಡೆ. ಮಗ ಹೈದರಾಬಾದಿನ ನಾಚಾರಂನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಸೊಸೆ ಶೋಭಾ ಇತಿಹಾಸ ವಿಭಾಗದ ಆಫೀಸಿನಲ್ಲಿ ಗುಮಾಸ್ತೆ, ಆದರೆ ಟೆಂಪರ್ವರಿ. ಆಗ ಹೈದರಾಬಾದಿನಲ್ಲಿ ಕಂಪ್ಯೂಟರಿನ ಸುಗ್ಗಿ. ಅಮೀರ್‌ಪೇಟೆಯಲ್ಲಿ ಕೋರ್ಸುಗಳ ಬೋರ್ಡು ಎಷ್ಟಿದ್ದವೆಂದರೆ ಕಟ್ಟಡದವರಿಗೆ ಗೋಡೆಗೆ ಸುಣ್ಣ ಬಳಿಯುವ ಖರ್ಚೇ ಇರಲಿಲ್ಲ. ಊರಿನ ಆ ತುದಿಯಲ್ಲಿ ಯಾರದೋ ಹುಡುಗನ ಸಂಬಳ ಏರಿದರೆ ಈ ತುದಿಯಲ್ಲಿ ನಮ್ಮ ಮನೆ ಮಾಲಿಕ ಬಾಡಿಗೆ ಏರಿಸುತ್ತಿದ್ದ. ಅದು ಯಾವ ನ್ಯಾಯವೋ! ಹಾಗಾಗಿ ಶೋಭಾ ಖಾಯಂ ಆಗುವುದು ಮನೆಮಂದಿಯ ಊಟದ ಪ್ರಶ್ನೆಯಾಗಿತ್ತು. ಅವಳ ಫೈಲು ಮೇಲಕ್ಕೆ ಹೋಗಿತ್ತು. ವರ್ಷದ ಲೆಕ್ಕ ಒಂದು ತಕರಾರೂ ಇಲ್ಲದೆ ತಾಳೆಯಾದರೆ ಸಹಿ ಬೀಳುತ್ತದೆ, ಇಲ್ಲವಾದರೆ ಬೇರೆಯವರ ಹೆಸರು ಮುಂದಕ್ಕೆ ಹೋಗುತ್ತದೆ ಎಂದು ಅವರ ಸಾಹೇಬರು ಹೇಳಿದ್ದರಂತೆ.

ತಾಳೆ ನೋಡುವ ರೀತಿ ಹೀಗೆ. ವರ್ಷದ ಖರ್ಚನ್ನೆಲ್ಲ ನೋಡುವ ಪುರುಸೊತ್ತು ಯಾರಿಗೂ ಇಲ್ಲ. ಆಫೀಸಿಗೆ ಹೊಸದಾಗಿ ಬಂದ ಕಂಪ್ಯೂಟರು ಲೆಡ್ಜರಿನಿಂದ ಅಲ್ಲೊಂದು ಇಲ್ಲೊಂದು ಸಾಲು ಹೆಕ್ಕಿ ಕೊಡುತ್ತದೆ. ಆ ಸಾಲಿನ ರಸೀದಿ ಹುಡುಕಿ, ಎರಡರಲ್ಲೂ ಒಂದೇ ಮೊತ್ತ ಇದೆಯೋ ನೋಡಿ ಗೀಟು ಹಾಕಬೇಕು. ಮೇ ತಿಂಗಳ ಒಂದು ಭಾನುವಾರ ಶೋಭಾ ಆ ಕಾಗದದ ಗಂಟನ್ನು ಮನೆಗೆ ಹೊತ್ತು ತಂದು ನೆಲದ ತುಂಬ ಹರವಿ, ಮೊದಲು ಮಾಡಿದ ಕೆಲಸವೆಂದರೆ ಫ್ಯಾನು ನಿಲ್ಲಿಸಿದ್ದು.

"ಫ್ಯಾನ್ ಹಚ್ಚೇ, ಕುದ್ದು ಹೋಗಾಕತ್ತೀನಿ," ಎಂದೆ.

"ಬ್ಯಾಡ್ರಿ ಅತ್ತಿ. ಒಂದು ಚೀಟಿ ಹಾರಿತಂದ್ರ ನನ್ನ ನೌಕರಿ ಹಾರತೈತಿ."

"ಎಲ್ಲಾ ನೋಡಂಗಿಲ್ಲ ಅಂತಿ. ಹಂಗಂದ್ರ ಇದೆಂಥಾ ತಪಾಸಣಿ?"

"ಅನ್ನ ಬೆಂದೈತೋ ಇಲ್ಲೋ ಅಂತ ನೀವು ಎಲ್ಲಾ ಅಗುಳೂ ಹಿಚುಕ್ತೀರೇನು?"

"ನಾ ಮ್ಯಾಲಿನ ಅಗುಳ ಹಿಚುಕೂದ್ರಾಗ ತಳ ಸೀದಿರತೈತಿ. ಇಷ್ಟು ವರ್ಷ ತಿಂದೀ, ಗೊತ್ತಿಲ್ಲೇನು?"

ಅವಳು ಒಂದೊಂದೇ ಸಾಲು ಗಟ್ಟಿಯಾಗಿ ಓದಲು ಶುರು ಮಾಡಿದಳು. ನಾನು ಸೆರಗಿನಿಂದ ಗಾಳಿ ಹಾಕಿಕೊಳ್ಳಲು ಹೋದರೆ ಅದಕ್ಕೂ ಕಣ್ಣು ಬಿಟ್ಟಳು. ಸುಮ್ಮನೆ ಕುಳಿತು ಕೇಳಿಸಿಕೊಂಡೆ. ಸೀಮೆಸುಣ್ಣ, ಚಹಾ, ಗೋಡೆ ಗಡಿಯಾರ, ಪೊರಕೆ. ಪೊರಕೆಯ ಬೆಲೆ ಕೇಳಿ ನನಗೆ ಬಿಕ್ಕಳಿಕೆ ಬಂತು. ಕೋಠಿ ಬಜಾರಿನಲ್ಲಿ ಅದರ ಅರ್ಧಕ್ಕೆ ಪೊರಕೆ ಕೊಟ್ಟು ಮೇಲೆ ಸಲಾಮು ಹೊಡೆಯುತ್ತಾರೆ. ಹಾಗೆಂದರೆ ಶೋಭಾ, "ತುಟ್ಟಿ ಆದ್ರ ತಪ್ಪಲ್ರಿ, ತಾಳೆ ಆಗದಿದ್ರ ತಪ್ಪು," ಎಂದು ಆ ಪೊರಕೆಗೂ ಗೀಟು ಎಳೆದಳು. ಆಗಲೇ ನನಗೆ ಇತಿಹಾಸ ವಿಭಾಗದ ಇತಿಹಾಸ ಅರ್ಥವಾಯಿತು.

ಎಲ್ಲವೂ ಸರಿಯಾಗಿ ಬಂದು ಕೊನೆಯ ಕೆಲವು ಸಾಲು ಉಳಿದಿದ್ದವು. ಶೋಭಾಳ ಪೆನ್ನು ನಿಂತಿತು. ಮುಖ ಉಪ್ಪಿಲ್ಲದ ಸಾರಿನ ಹಾಗಾಯಿತು.

"ಉಪನ್ಯಾಸದ ಗೌರವಧನ. ಲೆಡ್ಜರಿನಾಗ ಸಾವಿರ ಐತಿ. ರಸೀದಿ ಮ್ಯಾಲೆ ಸಾವಿರ ಹೊಡದು ಹಾಕಿ ಸಾವಿರದ ಒಂದು ಅಂತ ಬರದು ಸಹಿ ಮಾಡ್ಯಾರ! ಈ ಒಂದು ರೂಪಾಯಿ ಎಲ್ಲಿಂದ ಬಂತು?"

"ಯಾರಿಗೆ ಕೊಟ್ಟಿದ್ದು?"

"ಅದೇ ಹಬ್ಸಿಗುಡದ ರಿಟೈರ್ಡ್ ಪ್ರೊಫೆಸರು. ನನಗೆ ಜ್ವರ ಬಂದಾಗ ನೀವೇ ಕವರ್ ಕೊಟ್ಟು ಬಂದಿದ್ರಲ್ಲ."

"ಹಂಗಾದ್ರ ಅದು ನಂದು," ಎಂದೆ.

ಇದರಲ್ಲಿ ಮುಚ್ಚಿಡುವುದೇನಿದೆ? ಆ ಹಿರಿಯರು ಭಾಷಣ ಮಾಡಿ ಕವರು ಮರೆತು ಹೋಗಿದ್ದರು. ಶೋಭಾ ನನ್ನನ್ನು ಆಟೋದಲ್ಲಿ ಕಳಿಸಿದಳು. ದಾರಿಯಲ್ಲಿ ಕವರು ಬಿಚ್ಚಿ ನೋಡಿದೆ. ನೋಡದೆ ಒಯ್ಯಲು ನಾನೇನು ಪೋಸ್ಟಿನವನೇ? ಒಳಗೆ ಬೋಳು ಸಾವಿರ. ನಮ್ಮಲ್ಲಿ ಸೊನ್ನೆಗೆ ಮುಗಿಯುವ ದುಡ್ಡನ್ನು ಸಾವಿನ ಮನೆಗೆ ಕೊಡುತ್ತೇವೆ. ಬದುಕಿರುವವರಿಗೆ, ಅದರಲ್ಲೂ ತಲೆ ಬೆಳ್ಳಗಾದವರಿಗೆ, ಮೇಲೊಂದು ರೂಪಾಯಿ ಇಡದೆ ಹೇಗೆ ಕೊಡುವುದು? ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಹಾಕಿದೆ. ಅವರು ಎಣಿಸಿ, "ಏಕ್ ರೂಪಯಾ ಜ್ಯಾದಾ ಹೈ ಅಮ್ಮಾ," ಎಂದರು. "ರಖ್ ಲೋ ಸಾಬ್," ಎಂದೆ. ಅವರು ಇಟ್ಟುಕೊಂಡರು, ಕಾಗದದ ಮೇಲೆ ಏನೋ ತಿದ್ದಿ ಸಹಿ ಹಾಕಿದರು. ಇಂಗ್ಲಿಷಿನಲ್ಲಿತ್ತು. ಮಡಚಿ ತಂದು ಶೋಭಾಳ ಕೈಗೆ ಕೊಟ್ಟೆ. ಅವಳು ಜ್ವರದ ಕಣ್ಣಲ್ಲಿ ನೋಡದೆ ಫೈಲಿಗೆ ಚುಚ್ಚಿದ್ದಳು. ವರ್ಷವಿಡೀ ಬೆಂದ ಹಂಡೆ ಅನ್ನದಲ್ಲಿ ಕಂಪ್ಯೂಟರು ಹಿಚುಕಿದ್ದು ಸರಿಯಾಗಿ ನಾನು ಹಾಕಿದ ಅಗುಳನ್ನೇ.

ಶೋಭಾ ತಲೆಯ ಮೇಲೆ ಕೈ ಹೊತ್ತು ಕುಳಿತಳು. "ಕಡಿಮಿ ಬಿದ್ದಿದ್ರ ಕೈಯಿಂದ ತುಂಬತಿದ್ದೆ ಅತ್ತಿ. ಹೆಚ್ಚಾದದ್ದನ್ನ ಏನ್ ಮಾಡ್ಲಿ? ಬ್ಯಾರೆ ಲೆಕ್ಕ ಇಟ್ಟೀರಿ ಅಂತಾರ, ಇಡೀ ವರ್ಷದ್ದು ತೆಗಿಸ್ತಾರ. ಅಷ್ಟೊತ್ತಿಗೆ ನನ್ನ ಫೈಲು ಕೆಳಗ ಬರತೈತಿ."

ಮಗ ಒಳಗಿನಿಂದ, "ಕ್ಯಾಶಿಯರ್ ತಪ್ಪಿ ಹಾಕಿದ್ದ ಅಂತ ಹೇಳಿಬಿಡ್ರಿ," ಎಂದ. ನಾನು ಹಾಕಿದ ರೂಪಾಯಿಯ ಪುಣ್ಯ ಕ್ಯಾಶಿಯರಿಗೆ ಯಾಕೆ ಹೋಗಬೇಕು? ಮರುದಿನ ಇಸ್ತ್ರಿ ಸೀರೆ ಉಟ್ಟು ಸೊಸೆಯ ಹಿಂದೆ ಹೊರಟೆ.

ತಪಾಸಣೆಯ ಸಾಹೇಬರು ತೆಲುಗಿನವರು. ಹಣೆಯ ಮೇಲೆ ವಿಭೂತಿ, ಹುಬ್ಬಿನ ನಡುವೆ ಗಂಟು. ಅವರ ತೆಲುಗು, ನನ್ನ ಕನ್ನಡ, ನಡುವೆ ಇಬ್ಬರದೂ ಅಲ್ಲದ ಹಿಂದಿ. ಹೇಗೋ ಮಾತು ಸಾಗಿತು. ಅವರು ರಸೀದಿ ಎತ್ತಿ ಹಿಡಿದು, "ಏಮ್ಮಾ, ಸರ್ಕಾರದ ಕವರಿನಲ್ಲಿ ನಿಮ್ಮ ರೂಪಾಯಿ ಯಾಕೆ ಹೋಯಿತು?" ಎಂದು ಕೇಳಿದರು. ಶೋಭಾ ನನ್ನ ಬೆನ್ನ ಹಿಂದೆ ಸೀರೆ ಜಗ್ಗುತ್ತಿದ್ದಳು, ಮೆಲ್ಲಗೆ ಮಾತಾಡಲಿ ಎಂದು.

"ನಿಮ್ಮ ಮನೀ ಮದುವಿಗೆ ಯಾರರ ಬೋಳು ಸಾವಿರ ಕೊಟ್ರ ತೊಗೊಂತೀರೇನ್ರಿ?" ಎಂದೆ.

ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. "ಛೀ ಛೀ, ಸಾವಿರ ಯಾರು ಕೊಡುತ್ತಾರೆ? ನಮ್ಮ ತೆಲುಗರಲ್ಲಿ ಕಾಣಿಕೆ ಎಂದರೆ ಸಾವಿರದ ನೂರ ಹದಿನಾರು!" ಎಂದರು. ಹುಬ್ಬಿನ ಗಂಟು ಬಿಚ್ಚಿತ್ತು. ಆಮೇಲೆ ನನ್ನನ್ನು ಬೈಯಲು ಶುರು ಮಾಡಿದರು. "ಅಷ್ಟು ದೊಡ್ಡ ಪಂಡಿತರು. ಹಾಕುವುದೇ ಹಾಕಿದಿರಿ, ನೂರ ಹದಿನಾರು ಹಾಕಬೇಕಿತ್ತು. ಒಂದು ರೂಪಾಯಿ ಏನಮ್ಮಾ?"

"ಒಂದಕ್ಕ ನನ್ನ ಸೊಸಿ ನೌಕರಿ ಹೋಗಾಕತ್ತೈತಿ. ನೂರ ಹದಿನಾರು ಹಾಕಿದ್ರ ಜೈಲಿಗೆ ಕಳಸ್ತಿದ್ರಿ!"

ಅವರು ನಕ್ಕರು. ನಕ್ಕ ಮಾತ್ರಕ್ಕೆ ಲೆಕ್ಕ ತಾಳೆಯಾಗುತ್ತದೆಯೇ? ಅದಕ್ಕೂ ಅವರು ದಾರಿ ಹುಡುಕಿದರು. ವಿಭಾಗದ ಪರವಾಗಿ ನಾನು ಒಂದು ರೂಪಾಯಿ ಖರ್ಚು ಮಾಡಿದ್ದೇನೆ, ವಿಭಾಗ ಅದನ್ನು ನನಗೆ ಕೊಡಬೇಕು, ನಾನು ಸಹಿ ಮಾಡಬೇಕು. ಆಗ ಲೆಡ್ಜರಿನಲ್ಲೂ ಸಾವಿರದ ಒಂದು, ರಸೀದಿಯಲ್ಲೂ ಸಾವಿರದ ಒಂದು. ಕೊಟ್ಟ ಕಾಣಿಕೆ ವಾಪಸು ತೆಗೆದುಕೊಂಡವರು ನಮ್ಮ ವಂಶದಲ್ಲೇ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಶೋಭಾಳ ಮುಖ ನೋಡಿ ಮುಚ್ಚಿಕೊಂಡೆ. ವಂಶದವರು ಬಾಡಿಗೆ ಕಟ್ಟುವುದಿಲ್ಲವಲ್ಲ. ಮೂರನೆಯ ಇಯತ್ತೆಯ ಅಕ್ಷರದಲ್ಲಿ ಕನ್ನಡದಲ್ಲೇ ಸಹಿ ಮಾಡಿದೆ. ಒಂದು ರೂಪಾಯಿ ಕೈಗೆ ಬಂತು. ಅದನ್ನು ತರಲು ಹೋಗಿಬರುವ ಆಟೋಕ್ಕೆ ಆದ ಖರ್ಚು ಯಾವ ಲೆಡ್ಜರಿನಲ್ಲೂ ಇಲ್ಲ.

ಮಳೆಗಾಲದ ಹೊತ್ತಿಗೆ ಶೋಭಾ ಖಾಯಂ ಆದಳು. ಸುದ್ದಿ ಮನೆ ಮಾಲಿಕನಿಗೂ ಮುಟ್ಟಿತು, ಬಾಡಿಗೆ ಏರಿಸಿದ. ನಾನು ಅವಳಿಗೊಂದು ಕವರು ಕೊಡಬೇಕೆಂದು ಕೂಡಿಟ್ಟದ್ದರಲ್ಲಿ ನೂರರ ಐದು ನೋಟು ತೆಗೆದೆ. ಮೇಲಿಡಲು ಆ ವಾಪಸು ಬಂದ ರೂಪಾಯಿ ಡಬ್ಬಿಯಲ್ಲೇ ಇತ್ತು. ಅದನ್ನು ಎಲ್ಲಿ ಖರ್ಚು ಮಾಡುವುದೆಂದು ತಿಳಿಯದೆ ಬಿಟ್ಟಿದ್ದೆ. ಚಾಪೆಯ ಮೇಲೆ ಹರವಿ ಒಮ್ಮೆ ಎಣಿಸಿದೆ. ನಂಬಿಕೆ ಬರಲಿಲ್ಲ, ಮತ್ತೆ ಎಣಿಸುತ್ತಿದ್ದೆ. ಶೋಭಾ ಒಳಗೆ ಬಂದವಳು ಬಾಗಿಲಲ್ಲೇ ನಿಂತು ಮೇಲೆ ನೋಡಿದಳು.

"ಇಷ್ಟು ಕುದಿಯಾಕತ್ತೈತಿ, ಫ್ಯಾನ್ ಯಾಕ ಆರಿಸೀರಿ ಅತ್ತಿ?"

ಅವಳ ಕಣ್ಣು ಚಾಪೆಗೆ ಇಳಿಯಿತು, ನೋಟುಗಳ ಮೇಲಿದ್ದ ರೂಪಾಯಿಯನ್ನು ಕಂಡಿತು. ನಗು ತಡೆಯುತ್ತ ಚೀಲದಿಂದ ಪೆನ್ನು ತೆಗೆದು, "ಎಲ್ಲಿ ಸಹಿ ಮಾಡ್ಲಿ ಹೇಳ್ರಿ," ಎಂದಳು.

ಅವಳು ಕೇಳಿದ್ದು ತಮಾಷೆಗೆ. ನಾನು ಗೋಡೆಯ ಕ್ಯಾಲೆಂಡರು ಇಳಿಸಿ, ಅಂದಿನ ತಾರೀಖಿನ ಕೆಳಗೆ ಜಾಗ ತೋರಿಸಿದೆ.